ಮೂರು ಮೀಟರ್ ಹೋಗಿ ಬರುವ ದಾರಿ

ಮಂಡ್ಯ ಸೀಮೆಯ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗ. ಬೆಳಿಗ್ಗೆ ಒಂಬತ್ತೂವರೆಗೆಲ್ಲ ಬೆಂಚು ತುಂಬಿದೆ. ಒಬ್ಬರ ಮಂಡಿಗೆ ಪಟ್ಟಿ, ಇನ್ನೊಬ್ಬರ ಸೊಂಟಕ್ಕೆ ಬೆಲ್ಟು, ಎಲ್ಲರ ತೊಡೆಯ ಮೇಲೂ ಎಕ್ಸ್‌ರೇ ಲಕೋಟೆ. ಒಳಕೋಣೆಯಿಂದ ಕರಗಿದ ಮೇಣದ ವಾಸನೆ ಬರುತ್ತಿದೆ. ಹೊಸದಾಗಿ ಬಂದವರು ಪಕ್ಕದವರನ್ನು ಮೊದಲು ಕೇಳುವುದು, "ಇವತ್ತು ಕರೆಂಟು ಕೊಡ್ತಾರಾ?" ಎಂದು. ನೋವಿಗೆ ಕರೆಂಟು ಕೊಡಿಸಿಕೊಂಡು ಮನೆಗೆ ಹೋಗುವುದೇ ಫಿಸಿಯೋಥೆರಪಿ ಎಂದು ನಂಬಿದವರು ಈ ಬೆಂಚಿನ ಮೇಲೆ ಬಹಳ ಮಂದಿ.

ನಾನು ನೋಡಬೇಕೆಂದಿದ್ದುದು ಕರೆಂಟಿನ ಕೋಣೆಯನ್ನಲ್ಲ, ಅದರ ಹೊರಗಿನ ಕಾರಿಡಾರನ್ನು. ಅಲ್ಲಿ ಗೋಡೆಗೆ ತಾಗಿಸಿ ಇಟ್ಟ, ಎರಡೂ ಕಡೆ ಕೈಯಿರುವ ಒಂದು ಕುರ್ಚಿ. ಅಲ್ಲಿಂದ ಮೂರು ಮೀಟರ್ ಅಳೆದು ನೆಲಕ್ಕೆ ಅಂಟಿಸಿದ ಹಳದಿ ಟೇಪು. ಜೊತೆಗೊಂದು ಸ್ಟಾಪ್‌ವಾಚ್. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಇಷ್ಟೇ ಸಲಕರಣೆ ಸಾಕು. ಎದ್ದೇಳಬೇಕು, ಗೆರೆ ಮುಟ್ಟಬೇಕು, ತಿರುಗಬೇಕು, ಬಂದು ಕೂರಬೇಕು. ಹನ್ನೆರಡು ಸೆಕೆಂಡು ದಾಟಿತೆಂದರೆ ಆ ಹಿರಿಯರು ಬೀಳುವ ಅಪಾಯದಲ್ಲಿರಬಹುದೆಂದು ಎಚ್ಚರ ವಹಿಸುತ್ತಾರೆ.

ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಕೂತಿದ್ದಾರೆ. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಎರಡೂ ಮಂಡಿ ಊದಿಕೊಂಡು ಹೊಳೆಯುತ್ತಿವೆ.

"ಅಜ್ಜಿ, ಶುರು ಅಂದಾಗ ಎದ್ದು, ಆ ಹಳದಿ ಪಟ್ಟಿವರೆಗೂ ಹೋಗಿ, ತಿರುಗಿ ಬಂದು ಕೂತ್ಕೊಳ್ಳಿ. ಓಡೋದು ಬೇಡ. ಮನೇಲಿ ದಿನಾ ಹೆಂಗೆ ನಡೀತೀರೋ ಹಂಗೆ."

"ಮನೇಲಿ ಎಲ್ಲವ್ವ ನಡೆಯೋಕ್ ಬಿಡ್ತಾರೆ? ಎದ್ರೆ ಸಾಕು, ಮಗ ಸೊಸೆ ಇಬ್ರೂ ಕೂತ್ಕೊ ಕೂತ್ಕೊ ಅಂತರೆ."

ಫಿಸಿಯೋಥೆರಪಿಸ್ಟ್ ಹುಡುಗಿ ನಕ್ಕು ಸ್ಟಾಪ್‌ವಾಚಿನ ಗುಂಡಿ ಒತ್ತಿದಳು. ಅಜ್ಜಿಯ ಕೈಗಳು ಕುರ್ಚಿಯ ಕೈಗಳನ್ನು ಅದುಮಿದವು. ಮೊದಲ ಸಲ ಅರ್ಧ ಎದ್ದು ಹಿಂದಕ್ಕೆ ಕುಸಿದರು, ಎರಡನೆಯ ಸಲ ಎದ್ದರು. ಎದ್ದಮೇಲೂ ಕ್ಷಣಕಾಲ ನಿಂತೇ ಇದ್ದರು, ಮಂಡಿ ಒಪ್ಪಿಗೆ ಕೊಡಲೆಂದು ಕಾಯುವವರಂತೆ. ನಡೆಯುವಾಗ ಹಿಮ್ಮಡಿ ಮೊದಲು ತಾಗುತ್ತಿರಲಿಲ್ಲ, ಇಡೀ ಪಾದ ಒಟ್ಟಿಗೆ ನೆಲಕ್ಕೆ ಬೀಳುತ್ತಿತ್ತು. ಟೇಪಿನ ಬಳಿ ತಿರುಗುವುದೇ ಒಂದು ಕೆಲಸವಾಯಿತು. ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತ, ಕಣ್ಣನ್ನು ನೆಲದಿಂದ ಎತ್ತದೆ ತಿರುಗಿದರು. ಅಷ್ಟು ಹೊತ್ತೂ ಫಿಸಿಯೋಥೆರಪಿಸ್ಟ್‌ಳ ಕೈ ಅಜ್ಜಿಯ ಸೊಂಟದ ಹಿಂದೆ, ಮುಟ್ಟದೆ, ಒಂದು ಗೇಣು ದೂರದಲ್ಲಿ ಅವರ ಜೊತೆಗೇ ಸಾಗುತ್ತಿತ್ತು. ಕೂತಾಗ ಹತ್ತೊಂಬತ್ತು ಸೆಕೆಂಡು.

"ಈಗ ಇನ್ನೊಂದ್ಸಲ. ಆದ್ರೆ ನಡೀತಾ ನಡೀತಾ, ಮಂಡ್ಯದಿಂದ ಮೈಸೂರು ಕಡೆ ಹೋಗೋ ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ ಹೇಳ್ತಾ ಹೋಗಿ."

ನೂರರಿಂದ ಮೂರು ಮೂರು ಕಳೆಯುತ್ತ ನಡೆಯಿರಿ ಎಂದು ಕೇಳುವುದು ಪುಸ್ತಕದ ಕ್ರಮ. ಶಾಲೆ ಕಾಣದವರಿಗೆ ಬಸ್ಸಿನ ದಾರಿ ವಾಸಿ. "ಇಂಡುವಾಳು," ಎಂದರು ಅಜ್ಜಿ, ಎರಡು ಹೆಜ್ಜೆ. "ತೂಬಿನಕೆರೆ," ಇನ್ನೊಂದು ಹೆಜ್ಜೆ. ಆಮೇಲೆ ಕಾಲು ನಿಂತಿತು. ಬಾಯಿ ಸ್ವಲ್ಪ ತೆರೆದು, ಒಂದು ಕೈ ಗಾಳಿಯಲ್ಲಿ ಆಸರೆ ಹುಡುಕಿತು. "ಗಣಂಗೂರು" ಎಂಬ ಹೆಸರು ಹೊಳೆದ ಮೇಲೆಯೇ ಮುಂದಿನ ಹೆಜ್ಜೆ ಬಿತ್ತು.

ಸ್ವೀಡನ್ನಿನ ಊಮಿಯೊದಲ್ಲಿ ಲಿಲೆಮೊರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು ಗಮನಿಸಿದ್ದು ಹೀಗೆ ಕಾಲು ನಿಲ್ಲುವುದನ್ನೇ. ವೃದ್ಧರ ವಸತಿಯೊಂದರಲ್ಲಿ 58 ಮಂದಿಯ ಜೊತೆ ನಡೆಯುತ್ತ ಮಾತಿಗೆಳೆದರು. ಮಾತು ಶುರುವಾದೊಡನೆ 12 ಮಂದಿಯ ನಡಿಗೆ ನಿಂತಿತು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬರಹ ಅದು, ತೀರಾ ಚಿಕ್ಕದು. ಆದರೆ ಆಮೇಲಿನ ಎಷ್ಟೋ ಸಂಶೋಧನೆಗೆ ಅದೇ ದಾರಿ ತೆರೆಯಿತು. ನಡಿಗೆ ಬರೀ ಕಾಲಿನ ಕೆಲಸವಲ್ಲ, ಗಮನವನ್ನೂ ಬೇಡುತ್ತದೆ. ಹರೆಯದಲ್ಲಿ ಅಷ್ಟು ಗಮನ ಕೊಡುತ್ತಿದ್ದೇವೆಂಬುದು ನಮಗೇ ತಿಳಿಯುವುದಿಲ್ಲ.

ನೋವು ಗಮನಕ್ಕೆ ಕೈಹಾಕುವುದು ಇಲ್ಲಿಯೇ. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ದೀರ್ಘಕಾಲದ ನೋವೆನ್ನುತ್ತಾರೆ. ಈ ಅಜ್ಜಿಯದಕ್ಕೆ ವರ್ಷಗಳೇ ಆಗಿವೆ. ಬಾಸ್ಟನ್‌ನಲ್ಲಿ ಎಪ್ಪತ್ತು ಮತ್ತು ಮೇಲ್ಪಟ್ಟ 749 ಮಂದಿಯನ್ನು ಹದಿನೆಂಟು ತಿಂಗಳವರೆಗೆ ಹಿಂಬಾಲಿಸಿದ ಒಂದು ಅಧ್ಯಯನವಿದೆ. ಬಿದ್ದ ದಿನವನ್ನು ಅವರೇ ಕ್ಯಾಲೆಂಡರ್ ಕಾರ್ಡಿನಲ್ಲಿ ಗುರುತು ಹಾಕಿ ತಿಂಗಳಿಗೊಮ್ಮೆ ಅಂಚೆಗೆ ಹಾಕಬೇಕು. ಒಟ್ಟು 1029 ಸಲ ಬಿದ್ದದ್ದು ದಾಖಲಾಯಿತು. ಎರಡು ಅಥವಾ ಹೆಚ್ಚು ಕೀಲುಗಳಲ್ಲಿ ನೋವಿದ್ದವರು ನೋವಿಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಬಿದ್ದಿದ್ದರು. ಒಂದು ತಿಂಗಳು ನೋವು ಬಲವಾಗಿದ್ದರೆ ಅದರ ಮುಂದಿನ ತಿಂಗಳು ಬೀಳುವ ಸಂಭವವೂ ಏರುತ್ತಿತ್ತು. 2009ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಓದಿದ ಮೇಲೆ, "ವಯಸ್ಸಾಯ್ತು, ಮಂಡಿ ನೋಯದೆ ಇರುತ್ತಾ" ಎಂಬ ನಮ್ಮ ಮನೆಮಾತನ್ನು ಹಗುರಾಗಿ ಆಡಲು ನನಗೆ ಮನಸ್ಸು ಬಾರದು. ನೋವನ್ನು ಸಹಿಸಿಕೊಂಡು ಕೂತವರು ನೋವನ್ನಷ್ಟೇ ಅಲ್ಲ, ನಾಳಿನ ಮೂಳೆ ಮುರಿತವನ್ನೂ ಹೊತ್ತು ಕೂತಿರುತ್ತಾರೆ. ಅಕ್ಕರೆಯಿಂದಲೇ "ಕೂತ್ಕೊ" ಎನ್ನುವ ಮಗ ಸೊಸೆಯ ಮಾತು ಅಜ್ಜಿಯ ತೊಡೆಯ ಬಲವನ್ನು ದಿನದಿನಕ್ಕೂ ಕರಗಿಸುತ್ತಿದೆ.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಎರಡು ಸಮಾನಾಂತರ ಕಂಬಿಗಳು, ಅವುಗಳ ನಡುವೆ ದಪ್ಪನೆಯ ಸ್ಪಾಂಜಿನ ಹಾಸು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ನಿವೃತ್ತ ಮೇಷ್ಟ್ರೊಬ್ಬರು ಅದರ ಮೇಲೆ ನಿಂತಿದ್ದಾರೆ. ಕಣ್ಣು ತೆರೆದಿದ್ದಾಗ ನೆಟ್ಟಗಿದ್ದರು. "ಸಾರ್, ಈಗ ಕಣ್ಮುಚ್ಚಿ" ಎಂದದ್ದೇ ತಡ, ದೇಹ ಹಿಂದೆ ಮುಂದೆ ತೂಗತೊಡಗಿತು. ಕಾಲ್ಬೆರಳುಗಳು ಸ್ಪಾಂಜನ್ನು ಕಚ್ಚಿ ಹಿಡಿದವು, ಮೀನಖಂಡದ ನರಗಳು ಎದ್ದು ಕಂಡವು, ಕೈಗಳು ಕಂಬಿಯತ್ತ ಹಾರಿದವು.

ಆಯ ತಪ್ಪದಂತೆ ನಮ್ಮನ್ನು ನಿಲ್ಲಿಸುವುದು ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿ. ಕಣ್ಣು ಮುಚ್ಚಿ, ಸ್ಪಾಂಜಿಟ್ಟು ಪಾದದ ಸುದ್ದಿಯನ್ನೂ ಮಸುಕು ಮಾಡಿದರೆ ಭಾರವೆಲ್ಲ ಒಳಕಿವಿಯ ಮೇಲೆ. ಅಮೆರಿಕದ ಆನ್ ಶಮ್ವೇ-ಕುಕ್ ಮತ್ತು ಫೇ ಹೊರಾಕ್ 1986ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದಾಗ ಜಪಾನಿ ಕಾಗದದ ಲಾಂದ್ರವೊಂದನ್ನು ರೋಗಿಯ ತಲೆಗೆ ತೊಡಿಸುತ್ತಿದ್ದರು. ತಲೆಯ ಜೊತೆಗೇ ಲಾಂದ್ರವೂ ಓಲಾಡುವುದರಿಂದ ತಾನು ವಾಲುತ್ತಿರುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರವಿಲ್ಲದೆಯೂ ದೇಹವನ್ನು ಹೀಗೆ ಪ್ರಶ್ನೆ ಕೇಳಬಹುದೆಂಬುದು ನನಗೆ ಈ ವಿದ್ಯೆಯ ಮೇಲಿನ ಗೌರವವನ್ನು ಹೆಚ್ಚಿಸಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಸ್ಪಾಂಜಿಗೆ, ಟೇಪಿಗೆ ಬರವಿಲ್ಲ. ಬೇಕಿರುವುದು ಪಕ್ಕದಲ್ಲಿ ನಿಲ್ಲುವ ಕೈ, ಮತ್ತು ಆ ಕೈಗೊಂದು ಸರ್ಕಾರಿ ಹುದ್ದೆ.

ಪರೀಕ್ಷೆ ಮುಗಿದ ಮೇಲಿನ ಕೆಲಸ ಇನ್ನೂ ಸರಳ, ಇನ್ನೂ ನಿಧಾನ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಜೊತೆಗಾರರು ಎಂಬತ್ತು ಮತ್ತು ಮೇಲ್ಪಟ್ಟ 233 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿ ವ್ಯಾಯಾಮ ಹೇಳಿಕೊಟ್ಟರು. ಕಣಕಾಲಿಗೆ ತೂಕ ಕಟ್ಟಿ ಕಾಲೆತ್ತುವುದು, ತುದಿಗಾಲಲ್ಲಿ ನಿಲ್ಲುವುದು, ಆಗಾಗ ಹೊರಗೆ ನಡೆದು ಬರುವುದು, ಇಂಥವು. ವರ್ಷ ಕಳೆದಾಗ ಈ ಗುಂಪಿನವರು ಬಿದ್ದದ್ದು 88 ಸಲ, ಇನ್ನೊಂದರವರು 152 ಸಲ. ನಮ್ಮ ಅಜ್ಜಿಗೆ ಬರೆದುಕೊಟ್ಟಿದ್ದೂ ಅದೇ ಜಾತಿಯ ಪಾಠ: ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವ ಅಭ್ಯಾಸ, ಒಂದರ ಮುಂದೊಂದು ಪಾದವಿಟ್ಟು ನಿಲ್ಲುವುದು. ಮೊಮ್ಮಗ ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬಂದವರು ನಲವತ್ತೈದರ ಆಸುಪಾಸಿನ ಬಸ್ ಚಾಲಕ. ಸೊಂಟನೋವು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಈಗ ನೋವಿಲ್ಲ, ಆದರೂ ಬೆಲ್ಟು ಬಿಚ್ಚಲು ಧೈರ್ಯವಿಲ್ಲ. ನೆಲದ ಮೇಲಿದ್ದ ಪೆನ್ನು ಎತ್ತಿಕೊಳ್ಳಲು ಹೇಳಿದರೆ, ಗಾಜಿನ ಕಂಬವನ್ನು ಬಗ್ಗಿಸುವ ಹಾಗೆ, ಬೆನ್ನು ಬಾಗಿಸದೆ ಮಂಡಿಯಲ್ಲೇ ಇಳಿದರು, ಉಸಿರು ಹಿಡಿದಿದ್ದರು. ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ತೋರಿಸಿದ್ದು ಇಂಥವರ ಒಳಗುಟ್ಟನ್ನು. ನಾವು ತೋಳೆತ್ತುವ ಮೊದಲೇ ಹೊಟ್ಟೆಯ ಒಳಪದರದ ಒಂದು ಸ್ನಾಯು ಬಿಗಿದು ಬೆನ್ನಿಗೆ ಆಸರೆ ಕೊಡುತ್ತದೆ. ಸೊಂಟನೋವು ಕಂಡವರಲ್ಲಿ ಆ ಸ್ನಾಯು ತಡವಾಗಿ ಎಚ್ಚೆತ್ತಿತು.

"ಮತ್ತೆ ಬರದಂಗೆ ಏನಾದ್ರೂ ಇದ್ಯಾ ಮೇಡಂ?" ಅವರಿಗೆ ಬೇಕಿದ್ದುದು ಇದೊಂದೇ.

ಇದೆ. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯನ್ನು ಆರಿಸಿಕೊಂಡರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್‌ಗಳ ಮಾರ್ಗದರ್ಶನದಲ್ಲಿ ಮೆಲ್ಲಗೆ ಏರುವ ನಡಿಗೆ, ಜೊತೆಗೆ ನೋವಿನ ಬಗ್ಗೆ ತಿಳುವಳಿಕೆ. ಇನ್ನೊಂದಕ್ಕೆ ಏನೂ ಇಲ್ಲ. ನಡೆದವರ ಗುಂಪಿನಲ್ಲಿ ನೋವು ಮರುಕಳಿಸುವವರೆಗಿನ ಮಧ್ಯಾಂಕ ಅವಧಿ 208 ದಿನ, ಇನ್ನೊಂದರಲ್ಲಿ 112. ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ನೋವು ಬಾರದೇ ಇರುತ್ತದೆಂದು ಅವರು ಹೇಳಲಿಲ್ಲ. ಮೂರು ತಿಂಗಳಷ್ಟು ದೂರ ಸರಿಯಿತೆಂದರು. ದಿನಗೂಲಿಯವನಿಗೆ, ಚಾಲಕನಿಗೆ, ಮೂರು ತಿಂಗಳ ದುಡಿಮೆ ಸಣ್ಣದಲ್ಲ.

ಚಾಲಕರ ಕೈಗೆ ಒಂದು ಹಾಳೆ ಬಂತು. ಮೊದಲು ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರು ದಿನ. ಆರು ತಿಂಗಳ ಹೊತ್ತಿಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ನಡೆದ ಮೇಲೆ ನೋವು ಹೆಚ್ಚಾದರೆ ಮರುದಿನ ಕಡಿಮೆ ಮಾಡಬೇಕು, ಬಿಡಬಾರದು.

"ನಾಲೆ ಏರಿ ಮೇಲೆ ನಡೀಬೋದಾ?"

"ನಡೀರಿ ಅಣ್ಣ. ಬೆಲ್ಟು ಬಿಚ್ಚಿಟ್ಟು ನಡೀರಿ."

"ಡ್ಯೂಟಿ ಮಧ್ಯೆ, ಡಿಪೋದೊಳಗೆ ನಡೆದ್ರೆ ಲೆಕ್ಕಕ್ಕೆ ಬರುತ್ತಾ?"

"ಬರುತ್ತೆ. ಅದನ್ನೂ ಬರ್ಕೊಂಡ್ಬನ್ನಿ."