ಸೆಖೆ ಇಳಿಯುವುದು ತಾರಸಿಯಿಂದ

ಏಪ್ರಿಲ್ ಬಂತೆಂದರೆ ಹೈದರಾಬಾದಿನ ದಿಲ್‌ಸುಖ್‌ನಗರದ ಎಸಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೈತನ್ಯಪುರಿ, ಕೊತ್ತಪೇಟೆಯ ಗಲ್ಲಿಗಳಲ್ಲಿ ಕೋಚಿಂಗ್‌ಗೆಂದು ಬಂದ ಮಕ್ಕಳು ಹಾಸ್ಟೆಲಿನ ಮೇಲಂತಸ್ತಿನ ಕೋಣೆಗಳಲ್ಲಿ ರಾತ್ರಿ ಹನ್ನೊಂದಾದರೂ ನಿದ್ದೆ ಬಾರದೆ ಹೊರಳಾಡುತ್ತಿರುತ್ತಾರೆ. ‘ಹೈದರಾಬಾದಿನ ಗಾಳಿಯೇ ಬಿಸಿ, ಎಸಿ ಬಿಟ್ಟರೆ ಬೇರೆ ದಾರಿಯಿಲ್ಲ’ ಎನ್ನುವುದು ಎಲ್ಲರ ಮಾತು. ಆದರೆ ಅದೇ ಹೊತ್ತಿನಲ್ಲಿ ತಾರಸಿಗೆ ಹತ್ತಿದರೆ ಗಾಳಿ ಹಿತವಾಗಿರುತ್ತದೆ, ಕೆಳಗಿಳಿದರೆ ಮತ್ತೆ ಬೆವರು. ಆ ಹೊತ್ತಿನ ಸೆಖೆಯನ್ನು ಕೋಣೆಗೆ ಸುರಿಯುತ್ತಿರುವುದು ಆರ್‌ಸಿಸಿ ಚಾವಣಿ.

ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿಕೊಂಡು, ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಮಾಸಿದ ಕಾಂಕ್ರೀಟು ಬಿದ್ದ ಬಿಸಿಲಿನ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಹೊಸದಾಗಿ ಹಚ್ಚಿದ ಬಿಳಿಯ ಕೂಲ್ ರೂಫ್ ಬಣ್ಣ ಶೇ. 70ರಿಂದ 80ರಷ್ಟನ್ನು ವಾಪಸು ಕಳಿಸುತ್ತದೆ. ಕೆಳಗಿನ ಕೋಣೆಯಲ್ಲಿ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಇಳಿಯುತ್ತದೆ. ಸುಣ್ಣ ಬಳಿಯುವುದು ಕೈಲಾಗದವರ ಉಪಾಯ ಎನ್ನುವವರಿಗೆ ಇದನ್ನು ಹೇಳಲೇಬೇಕು: ತೆಲಂಗಾಣ ಸರ್ಕಾರ 2023ರ ಏಪ್ರಿಲ್‌ನಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿತು. 2028ರ ಹೊತ್ತಿಗೆ ರಾಜ್ಯದಲ್ಲಿ 300 ಚದರ ಕಿಲೋಮೀಟರ್ ಚಾವಣಿ ತಂಪಾಗಬೇಕೆಂಬುದು ಅದರ ಗುರಿ. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, 600 ಚದರ ಗಜ ಮತ್ತು ಅದಕ್ಕೂ ದೊಡ್ಡ ನಿವೇಶನದ ಮನೆಗಳಿಗೆ ಇದು ಕಡ್ಡಾಯ. ಚಿಕ್ಕ ನಿವೇಶನದವರ ಇಷ್ಟಕ್ಕೆ ಬಿಟ್ಟದ್ದು. ದಿಲ್‌ಸುಖ್‌ನಗರದ ಒಳಗಲ್ಲಿಗಳ ಬಹುತೇಕ ಮನೆಗಳು ಈ ಎರಡನೇ ಗುಂಪಿನವು.

ಇಷ್ಟೆಲ್ಲ ಇದ್ದರೂ ತಾರಸಿಗಳು ಬೆಳ್ಳಗಾಗದಿರಲು ಒಂದು ಕಾರಣ ನನಗೆ ಕಾಣುತ್ತದೆ. ಬಣ್ಣದ ಖರ್ಚು ಮಾಲೀಕನದು, ಕರೆಂಟ್ ಬಿಲ್ಲು ಬಾಡಿಗೆದಾರನದು. ಬಿಲ್ಲು ಕಟ್ಟುವವನಿಗೆ ತಾರಸಿಯ ಮೇಲೆ ಹಕ್ಕಿಲ್ಲ, ಹಕ್ಕಿರುವವನಿಗೆ ಸೆಖೆ ತಾಗುವುದಿಲ್ಲ. ಬಾಡಿಗೆ ಕರಾರು ಬರೆಯುವಾಗಲೇ ಈ ಮಾತು ಎತ್ತುವುದು ಒಳ್ಳೆಯದು. ‘ವಾಟರ್‌ಪ್ರೂಫಿಂಗ್ ಮಾಡಿಸಿದ್ದೀವಲ್ಲ’ ಎಂದು ಮಾಲೀಕರು ಹೇಳಬಹುದು. ಸೋರಿಕೆ ತಡೆಯುವುದೇ ಬೇರೆ, ಬಿಸಿಲು ತಡೆಯುವುದೇ ಬೇರೆ; ಕಪ್ಪು ಡಾಂಬರು ಹಾಳೆ ಹೊದಿಸಿದ ತಾರಸಿ ಇನ್ನಷ್ಟು ಕಾಯುತ್ತದೆ. ಬಿಳಿ ಬಣ್ಣಕ್ಕೂ ಮಿತಿಯಿದೆ. ಅದರ ಲಾಭ ಚಾವಣಿಗೆ ಅಂಟಿದ ಅಂತಸ್ತಿಗೆ ಮಾತ್ರ. ಧೂಳು ಕೂತರೆ ಗುಣ ಕುಗ್ಗುತ್ತದೆ, ಬೇಸಿಗೆಗೆ ಮೊದಲು ತೊಳೆಯಬೇಕು. ಬರಿಯ ಸುಣ್ಣವಾದರೆ ಮಳೆಗೆ ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು.

ಕಲಬುರಗಿ, ಯಾದಗಿರಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮರದ ತೊಲೆಗಳ ಮೇಲೆ ದಪ್ಪನೆ ಮಣ್ಣು ಹಾಸಿರುತ್ತಿದ್ದರು. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಬರುವುದರೊಳಗೆ ಸಂಜೆಯಾಗುತ್ತಿತ್ತು. ಚಳಿದೇಶಗಳಲ್ಲಿ ಮನೆ ಸುಧಾರಿಸುವವರೂ ಮೊದಲು ಚಾವಣಿಗೆ, ಗೋಡೆಗೆ ಉಣ್ಣೆಯಂಥ ಹೊದಿಕೆ ತುಂಬಿ, ಆಮೇಲೆ ಯಂತ್ರದ ಕಡೆ ನೋಡುತ್ತಾರೆ. ಅಲ್ಲಿ ಶಾಖ ಹೊರಹೋಗಬಾರದು, ಇಲ್ಲಿ ಒಳಬರಬಾರದು. ಕೆಲಸದ ಕ್ರಮ ಮಾತ್ರ ಒಂದೇ.

ಎಸಿಯನ್ನು 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ಬಲು ಗಟ್ಟಿ. ಸಾಮಾನ್ಯ ಎಸಿಯ ಕಂಪ್ರೆಸರ್ 18ಕ್ಕೂ 24ಕ್ಕೂ ಒಂದೇ ವೇಗದಲ್ಲಿ ಓಡುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಇನ್ವರ್ಟರ್ ಎಸಿ ಮೊದಲಿಗೆ ಸ್ವಲ್ಪ ಜೋರು ಮಾಡಬಹುದು. ಆದರೆ ಕಾದ ಚಾವಣಿಯ ಕೆಳಗೆ 18 ಮುಟ್ಟುವುದೇ ಕಷ್ಟವಾಗಿ, ಕಂಪ್ರೆಸರ್‌ಗೆ ಬಿಡುವೇ ಸಿಗುವುದಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಜನವರಿಯಿಂದ ಸ್ಟಾರ್ ಪಟ್ಟಿಯ ಎಸಿಗಳು 24ರಲ್ಲೇ ಶುರುವಾಗಬೇಕೆಂಬ ನಿಯಮ ಬಂದದ್ದೂ ಅದಕ್ಕೇ. 26ಕ್ಕಿಟ್ಟು ಫ್ಯಾನ್ ಹಾಕಿಕೊಂಡರೆ ಮೈಗೆ ಸಾಕು. ಫ್ಯಾನ್ ತಣಿಸುವುದು ಮೈಯನ್ನು, ಕೋಣೆಯನ್ನಲ್ಲ. ಹೊರಡುವಾಗ ಆರಿಸಿ.

ಕೂಲರ್ ಇರುವವರು ಕಿಟಕಿ ಮುಚ್ಚುತ್ತಾರೆ, ತಂಪು ಹೋಗದಿರಲಿ ಎಂದು. ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ನೀರು ಆವಿಯಾಗುವುದೇ ಕುಗ್ಗುತ್ತದೆ. ಎದುರಿನ ಕಿಟಕಿ ತುಸು ತೆರೆದಿರಲಿ. ಏಪ್ರಿಲ್, ಮೇ ತಿಂಗಳ ಇಲ್ಲಿನ ಒಣಹವೆಗೆ ಕೂಲರ್ ಹೇಳಿ ಮಾಡಿಸಿದ್ದು. ಮಳೆಗಾಲದ ಜಿಗುಟಿಗೆ ನಡೆಯದು.

ತಂಪಿನ ಮಾತಾಯಿತು, ಇನ್ನು ಬಿಸಿಯದು. ನಮ್ಮೂರಿನಲ್ಲಿ ಶಾಖಕ್ಕೆ ದುಡ್ಡು ಖರ್ಚಾಗುವುದು ಸ್ನಾನದ ನೀರಿಗೆ. ರಾಡ್ ಹಾಕಿದರೆ ಗೀಸರ್‌ಗಿಂತ ಉಳಿತಾಯ ಎನ್ನುತ್ತಾರೆ. ಎರಡೂ ಒಂದೇ. 25 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು ಯಾವುದಾದರೂ ಒಂದು ಯೂನಿಟ್‌ನ ಹತ್ತಿರ ಬೇಕು. ರಾಡಿನಲ್ಲಿ ಶಾಕ್‌ನ ಅಪಾಯ ಮಾತ್ರ ಹೆಚ್ಚು. ಅದೇ ಕೆಲಸವನ್ನು ಹೀಟ್ ಪಂಪ್ ಸುಮಾರು ಮೂರನೇ ಒಂದು ಪಾಲು ವಿದ್ಯುತ್ತಿನಲ್ಲಿ ಮಾಡುತ್ತದೆ, ಏಕೆಂದರೆ ಅದು ಶಾಖವನ್ನು ಹೊರಗಿನ ಗಾಳಿಯಿಂದ ಎತ್ತಿ ತರುತ್ತದೆ. ಎಸಿಯನ್ನೇ ತಿರುಗಿಸಿಟ್ಟ ಹಾಗೆ. ಚಳಿಯಲ್ಲಿ ಅದು ಕೆಲಸ ಮಾಡದು ಎನ್ನುವವರು ನಾರ್ವೆ, ಸ್ವೀಡನ್, ಫಿನ್‌ಲೆಂಡ್ ನೋಡಬೇಕು. ಯುರೋಪಿನಲ್ಲಿ ಮನೆಗಳ ಲೆಕ್ಕಕ್ಕೆ ಹೀಟ್ ಪಂಪ್ ಅತಿ ಹೆಚ್ಚು ಇರುವುದು ಅಲ್ಲೇ. ನೂರು ಮಕ್ಕಳು ಬೆಳಿಗ್ಗೆ ಒಟ್ಟಿಗೆ ಸ್ನಾನಕ್ಕಿಳಿಯುವ ಹಾಸ್ಟೆಲಿಗೆ ಇದು ತಕ್ಕ ಯಂತ್ರ.

ತಾರಸಿಯಲ್ಲಿ ಜಾಗವಿದ್ದರೆ ಸೋಲಾರ್ ಇನ್ನೂ ಅಗ್ಗ. ಬೆಂಗಳೂರಿನ ತಾರಸಿಗಳಲ್ಲಿ ಅದು ಎಷ್ಟೋ ವರ್ಷಗಳಿಂದ ಮಾಮೂಲಿ. ಚಳಿಗಾಲದಲ್ಲಿ ನೀರು ಕಾಯುವುದಿಲ್ಲ ಎಂಬ ಅನುಮಾನ ಬೇಡ. ಅದಕ್ಕೆ ಬೇಕಿರುವುದು ಬಿಸಿಲು, ಮತ್ತು ಡಿಸೆಂಬರ್‌ನಲ್ಲಿ ಹೈದರಾಬಾದಿನ ಆಕಾಶ ಬಹುತೇಕ ಶುಭ್ರವಾಗಿರುತ್ತದೆ. ಅದು ಕೈಕೊಡುವುದು ಜುಲೈ, ಆಗಸ್ಟ್‌ನ ಮೋಡದ ದಿನಗಳಲ್ಲಿ. ಆ ದಿನಗಳಿಗೆಂದು ಗೀಸರ್ ಇಟ್ಟುಕೊಂಡರಾಯಿತು.