ಐವರಿಗೊಬ್ಬ ಉಸ್ತಾದ

ಮಠದ ಪಂಕ್ತಿಯಲ್ಲಿ ಊಟ ಮುಗಿದು ಎಲ್ಲರೂ ಏಳುವ ಹೊತ್ತು. ಅರವತ್ತು ದಾಟಿದ ಗೃಹಸ್ಥರೊಬ್ಬರು ಎಂಜಲುಗೈಯನ್ನು ಮೇಲೆತ್ತಿ ಹಿಡಿದು, ಎಡಗೈಯನ್ನು ನೆಲಕ್ಕೂರಿ, ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ ವಾಲುತ್ತಾರೆ. ಕೊನೆಗೆ ಮೊಮ್ಮಗ ಬಂದು ರಟ್ಟೆ ಹಿಡಿದು ಎತ್ತಬೇಕಾಗುತ್ತದೆ. "ಏನು ಮಾಡೋದಪ್ಪ, ವಯಸ್ಸಾಯಿತಲ್ಲ!" ಎಂದು ನಕ್ಕು ಕೈತೊಳೆಯಲು ನಡೆಯುತ್ತಾರೆ. ಅದೇ ವಯಸ್ಸಿನ ಅಡಿಗೆಯ ಭಟ್ಟರು ಅವರೆದುರಿನಲ್ಲಿಯೇ ಹುಳಿಯ ಕೊಳದಪ್ಪಲೆಯನ್ನು ನೆಲದಿಂದೆತ್ತಿ ಒಳಕ್ಕೆ ಒಯ್ಯುತ್ತಿರುತ್ತಾರೆ. ಇಬ್ಬರಿಗೂ ವಯಸ್ಸು ಒಂದೇ. ಆದರೆ ಒಬ್ಬರ ತೊಡೆಗೆ ನಿತ್ಯವೂ ಕೆಲಸವಿದೆ; ಇನ್ನೊಬ್ಬರ ತೊಡೆ ಮೂವತ್ತೈದು ವರ್ಷ ಕಚೇರಿಯ ಕುರ್ಚಿಯ ಮೇಲೆ ವಿಶ್ರಮಿಸಿದೆ.

ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯುರಾಶಿ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಕರಗುತ್ತ ಹೋಗುತ್ತದೆಂದೂ, ಅರವತ್ತರ ಅನಂತರ ಈ ಇಳಿತ ಇನ್ನೂ ವೇಗವಾಗುತ್ತದೆಂದೂ ವೈದ್ಯರು ಹೇಳುತ್ತಾರೆ. ಹಿಂದಿನ ಗೃಹಿಣಿಗೆ ಒರಳುಕಲ್ಲು, ಒನಕೆ, ಬಾವಿಯ ಹಗ್ಗ ಇವೇ ವ್ಯಾಯಾಮಶಾಲೆಯಾಗಿದ್ದುವು. ಆ ದುಡಿತವನ್ನು ಹಾಡಿ ಹೊಗಳುವವರಲ್ಲಿ ಹೆಚ್ಚಿನವರು ಅದನ್ನು ಮಾಡಿದವರಲ್ಲ. ಮಿಕ್ಸಿ ಬಂದುದು ಒಳ್ಳೆಯದೇ ಆಯಿತು. ಆದರೆ ಒರಳು ಮೂಲೆ ಸೇರಿದಾಗ ಅದರೊಡನೆ ತೋಳಿನ ಕಸುವೂ ಮೂಲೆ ಸೇರಿತೆಂಬುದನ್ನು ಒಪ್ಪಿಕೊಳ್ಳಬೇಕು. ಬೆಳಗಿನ ನಡಿಗೆಯಿಂದ ಅದು ಮರಳಿ ಬಾರದು. ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದರೆ ಹೃದಯಕ್ಕೂ ಮನಸ್ಸಿಗೂ ಹಿತವೇ ಸರಿ (ಹೊರಬಂದೊಡನೆ ಮಸಾಲೆದೋಸೆಯನ್ನು ಹುಡುಕದಿದ್ದರೆ!). ಆದರೆ ಸ್ನಾಯು ಬಲಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ಆ ಭಾರ ಕ್ರಮಕ್ರಮವಾಗಿ ಏರಬೇಕು. ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ನಡಿಗೆಯಿಂದ ಬೇರೆಯಾಗಿಯೇ ಹೇಳಿದೆ.

"ಈ ವಯಸ್ಸಿನಲ್ಲಿ ಭಾರ ಎತ್ತುವುದೇ?" ಎಂದು ಹುಬ್ಬೇರಿಸುವವರು ಅಮೆರಿಕದ ಬಾಸ್ಟನ್ ನಗರದ ಸಂಗತಿಯನ್ನು ಕೇಳಬೇಕು. ವೃದ್ಧಾಶ್ರಮವೊಂದರಲ್ಲಿದ್ದ, ತೊಂಬತ್ತರ ಆಚೀಚಿನ, ತೀರ ದುರ್ಬಲರಾದ ಹತ್ತು ಮಂದಿಗೆ ಅಲ್ಲಿನ ವೈದ್ಯರು ಎಂಟು ವಾರಗಳ ಕಾಲ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿದರು. 1990ರಲ್ಲಿ ಪ್ರಕಟವಾದ ವರದಿಯಂತೆ, ಅಭ್ಯಾಸವನ್ನು ಪೂರ್ತಿಗೊಳಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತರ ಸ್ನಾಯು ಕೂಡ ಕಲಿಯಲು ಸಿದ್ಧವಿದೆ. ಕಲಿಸುವವರು ಬೇಕು, ಅಷ್ಟೆ.

ಕಲಿಸುವವರು ಎಂಬ ಮಾತಿನಲ್ಲಿಯೇ ವಿಷಯದ ತಿರುಳಿದೆ. ಬ್ರೆಜಿಲ್ ದೇಶದಲ್ಲಿ ಇಬ್ಬರು ಸಂಶೋಧಕರು, ಹಿಂದೆಂದೂ ಭಾರವೆತ್ತದ ನೂರಕ್ಕೂ ಮಿಕ್ಕ ತರುಣರನ್ನು ಎರಡು ಗುಂಪು ಮಾಡಿ ಹನ್ನೊಂದು ವಾರ ಒಂದೇ ಬಗೆಯ ವ್ಯಾಯಾಮವನ್ನು ಮಾಡಿಸಿದರು. ವ್ಯತ್ಯಾಸವಿದ್ದುದು ಒಂದರಲ್ಲಿ ಮಾತ್ರ: ಒಂದು ಗುಂಪಿನಲ್ಲಿ ಐವರಿಗೊಬ್ಬ ಶಿಕ್ಷಕ; ಇನ್ನೊಂದರಲ್ಲಿ ಇಪ್ಪತ್ತೈವರಿಗೊಬ್ಬ. ಮಲಗಿ ಎದೆಯ ಮೇಲಿಂದ ಭಾರವನ್ನೆತ್ತುವುದರಲ್ಲಿ ಮೊದಲನೆಯವರು ಸುಮಾರು ಶೇಕಡಾ 16ರಷ್ಟೂ ಎರಡನೆಯವರು ಶೇಕಡಾ 10ರಷ್ಟೂ ಮುಂದುವರಿದರು. ಮಂಡಿಯನ್ನು ಚಾಚುವ ಸ್ನಾಯುಗಳ ಬಲವಂತೂ ಮೊದಲನೆಯ ಗುಂಪಿನಲ್ಲಿ ಮಾತ್ರ ಗಮನಾರ್ಹವಾಗಿ ಹೆಚ್ಚಿತು. 2010ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಮ್ಮ ಯಾವ ಉಸ್ತಾದರಿಗೆ ಹೇಳಿದರೂ, "ಇದಕ್ಕೆ ಪರೀಕ್ಷೆ ಬೇರೆ ಬೇಕಾಗಿತ್ತೆ?" ಎಂದು ಕೇಳಿಯಾರು.

ಏಕೆಂದರೆ ನಮ್ಮ ಗರಡಿಮನೆಯ ಪದ್ಧತಿಯೇ ಅದು. ಸ್ವತಃ ಮಲ್ಲನೆಂದು ಹೆಸರಾಗಿದ್ದ ರಣಧೀರ ಕಂಠೀರವ ನರಸರಾಜ ಒಡೆಯರು (1638-1659) ಆಳಿದ ಮೈಸೂರಿನಲ್ಲಿ ಗರಡಿಗಳು ಇಂದಿಗೂ ಉಳಿದಿವೆ. ಉತ್ತರ ಕರ್ನಾಟಕದಲ್ಲಿ ಅವು ತಾಲೀಮು ಮನೆಗಳು. ತಗ್ಗಾದ ಬಾಗಿಲು, ಒಳಗೆ ಹನುಮಂತನ ಪಟ, ನಡುವೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೊರಗಿಸಿದ ಗದೆಗಳು. ಹೊಸ ಹುಡುಗ ಬಂದೊಡನೆ ಉಸ್ತಾದರು ಅವನ ಕೈಗೆ ದೊಡ್ಡ ಗದೆಯನ್ನು ಕೊಡುವುದಿಲ್ಲ. ಮೊದಲು ಮಟ್ಟಿಯನ್ನು ಹದಮಾಡಿಸುತ್ತಾರೆ, ಅನಂತರ ಬಸ್ಕಿ, ಅನಂತರ ದಂಡ. ಇಂದು ಇಪ್ಪತ್ತು, ಮುಂದಿನ ವಾರ ಇಪ್ಪತ್ತೈದು. ಪಕ್ಕದಲ್ಲಿಯೇ ಹಳೆಯ ಪೈಲ್ವಾನ ಇನ್ನೂರು ಹೊಡೆಯುತ್ತಿದ್ದರೂ ಇವನ ಲೆಕ್ಕ ಇವನಿಗೆ. ಸೊಂಟ ಬಾಗಿದರೆ ಬೆನ್ನ ಮೇಲೊಂದು ಏಟು. ಎರಡು ದಿನ ಬಾರದಿದ್ದರೆ ಮೂರನೆಯ ದಿನ ಮನೆಯ ಬಾಗಿಲಲ್ಲಿ ಜೊತೆಯ ಹುಡುಗರ ಕೂಗು. ಬೆನ್ನಿನ ಏಟನ್ನು ಕಳೆದರೆ, ಇಂದು ಸಣ್ಣ ಗುಂಪಿನ ಶಿಕ್ಷಣವೆಂದು ನಗರಗಳಲ್ಲಿ ದುಬಾರಿ ಶುಲ್ಕಕ್ಕೆ ದೊರೆಯುತ್ತಿರುವುದು ಬಹುಮಟ್ಟಿಗೆ ಇದೇ.

ಗರಡಿಯ ಒಂದು ದೋಷವನ್ನೂ ಮುಚ್ಚಿಡಬಾರದು. ಅದು ಗಂಡಸರ ಮನೆಯಾಗಿತ್ತು, ಅದರಲ್ಲಿಯೂ ಕುಸ್ತಿಯಾಡುವ ಹುಡುಗರ ಮನೆ. ಗುಮಾಸ್ತೆಗೂ ವಕೀಲನಿಗೂ ದೇಹದಾರ್ಢ್ಯ ಬೇಕೆಂದು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಪ್ರಮುಖರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ಬಲ್ಲ ಈ ಮಹನೀಯರು ವೃತ್ತಿಯಿಂದ ವ್ಯಾಯಾಮಾಚಾರ್ಯರು. ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯರ ಡಂಬೆಲ್ಲನ್ನೂ ಒಂದೇ ಸೂರಿನಡಿ ತಂದವರು. ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸಿದವರು. ಅಂಚೆಯ ಪಾಠಕ್ಕೂ ಇಂದಿನ ಮೊಬೈಲ್ ಪರದೆಯ ಪಾಠಕ್ಕೂ ಒಂದೇ ಕೊರತೆ: ಶಿಷ್ಯನ ಮಂಡಿ ಒಳಕ್ಕೆ ವಾಲಿದುದು ಗುರುವಿನ ಕಣ್ಣಿಗೆ ಬೀಳುವುದಿಲ್ಲ.

ಗರಡಿಯಿಂದ ಹೊರಗುಳಿದಿದ್ದ ಹೆಣ್ಣುಮಕ್ಕಳಿಗೇ ಈ ಶಿಕ್ಷಣದ ಅಗತ್ಯ ಹೆಚ್ಚಾಗಿರುವುದು ವಿಪರ್ಯಾಸ. ಮುಟ್ಟು ನಿಂತ ಬಳಿಕ ಹೆಂಗಸರ ಮೂಳೆಯ ಸಾಂದ್ರತೆ ಬೇಗಬೇಗನೆ ಇಳಿಯುತ್ತದೆ. ಬಚ್ಚಲಿನಲ್ಲಿ ಒಮ್ಮೆ ಜಾರಿದರೆ ತೊಡೆಯ ಮೂಳೆ ಮುರಿಯುತ್ತದೆ. ಅಲ್ಲಿಯವರೆಗೆ ಇಡೀ ಮನೆಯನ್ನು ನಡೆಸಿದ ಅಜ್ಜಿ ಒಂದು ಲೋಟ ನೀರಿಗೂ ಸೊಸೆಯನ್ನು ಕರೆಯಬೇಕಾದ ಸ್ಥಿತಿಗೆ ಬರುತ್ತಾರೆ. ಭಾರವನ್ನು ಹೊತ್ತ ಮೂಳೆ ಗಟ್ಟಿಯಾಗಿ ಉಳಿಯುತ್ತದೆ; ಬಲವುಳ್ಳ ಕಾಲು ಜಾರಿದರೂ ಸಾವರಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೂ ಇದರಿಂದ ಲಾಭವುಂಟು: ಊಟದ ಸಕ್ಕರೆಯನ್ನು ರಕ್ತದಿಂದ ಬಹುಪಾಲು ಸೆಳೆದುಕೊಳ್ಳುವುದು ಸ್ನಾಯುವೇ. ತೋಳು ಗಂಡಸರಂತೆ ಉಬ್ಬೀತೆಂಬ ಅಂಜಿಕೆಗೆ ಆಧಾರವಿಲ್ಲ. ಕನ್ನಡಿಗಳಿಂದ ಹೊಳೆಯುವ ದೊಡ್ಡ ಜಿಮ್ಮಿನಲ್ಲಿ, ಇಪ್ಪತ್ತರ ಹುಡುಗರ ನಡುವೆ, ಐವತ್ತೈದರ ಗೃಹಿಣಿ ಸೆರಗು ಸಿಕ್ಕಿಸಿ ನಿಲ್ಲುವುದು ಕಷ್ಟ. ತನ್ನ ಬಡಾವಣೆಯ ನಾಲ್ವರು ಗೆಳತಿಯರೊಡನೆ, ಪರಿಚಿತ ಶಿಕ್ಷಕಿಯ ಎದುರಿನಲ್ಲಿ, ಅದೇ ಕೆಲಸ ಸುಲಭವಾಗುತ್ತದೆ. ಶುಲ್ಕವೂ ಐದು ಪಾಲಾಗುತ್ತದೆ.

ಶಿಕ್ಷಕರನ್ನು ಆರಿಸುವಾಗ ಅವರ ತೋಳಿನ ಸುತ್ತಳತೆಯನ್ನು ನೋಡಿ ಮರುಳಾಗಬಾರದು. ಹಣ ಕೊಡುವ ಮುನ್ನ ಅರ್ಧ ಗಂಟೆ ಮೂಲೆಯಲ್ಲಿ ಕುಳಿತು ಪಾಠವನ್ನು ನೋಡಬೇಕು. ಐವರಿಗೂ ಒಂದೇ ತೂಕವನ್ನು ಕೊಡುವವರು, ಅಭ್ಯಾಸದ ನಡುವೆ ಮೊಬೈಲಿನಲ್ಲಿ ಮುಳುಗುವವರು, ಮೊದಲ ವಾರದಲ್ಲಿಯೇ ಪುಡಿಯ ಡಬ್ಬಿಯನ್ನು ಮಾರಲು ಬರುವವರು ಈ ಕೆಲಸಕ್ಕೆ ತಕ್ಕವರಲ್ಲ. ರಕ್ತದೊತ್ತಡ, ಹೃದ್ರೋಗಗಳಿದ್ದವರು ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಅದನ್ನು ತಾವಾಗಿಯೇ ವಿಚಾರಿಸುವುದು ಒಳ್ಳೆಯ ಶಿಕ್ಷಕರ ಲಕ್ಷಣ. ಉಸಿರು ಬಿಗಿಹಿಡಿದು ಎತ್ತಬಾರದೆಂಬುದನ್ನೂ ಅವರು ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ.

ಅಂಥವರು ಮೊದಲ ದಿನ ಮಾಡಿಸುವ ಒಂದು ಸಣ್ಣ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಿನೋಡಬಹುದು. ಕೈಗಳಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಆನಿಸಿ, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ಣವಾಗಿ ಎದ್ದು ಕುಳಿತುಕೊಳ್ಳಲಾಗುವುದೆಂದು ಎಣಿಸಬೇಕು. ಅರವತ್ತರಿಂದ ಅರವತ್ತನಾಲ್ಕರೊಳಗಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಮೆಯಾದರೆ ಕಾಲಿನ ಬಲ ಸಾಲದೆಂದರ್ಥ. ಆ ಸಂಖ್ಯೆಯನ್ನು ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದಿಟ್ಟು, ಮೂರು ತಿಂಗಳ ಅಭ್ಯಾಸದ ಬಳಿಕ ಅದೇ ಕುರ್ಚಿಯಲ್ಲಿ ಮತ್ತೆ ಎಣಿಸುವುದು ವಾಡಿಕೆ.