ಮೇಕ್ ಸಾಧನವೂ ಕಂಪೈಲರಿಗೆ ಸಲ್ಲುವ ಸೂಚನೆಗಳೂ

ಗಣಕಯಂತ್ರಕ್ಕೆ ಮನುಷ್ಯನ ಭಾಷೆ ತಿಳಿಯದು. ಯಂತ್ರದ ಭಾಷೆಯಲ್ಲಿ ನೇರವಾಗಿ ಬರೆಯುವ ಸಹನೆ ಮನುಷ್ಯನಿಗಿಲ್ಲ. ಈ ಎರಡರ ನಡುವೆ ನಿಂತು, ಸಿ ಮೊದಲಾದ ಭಾಷೆಗಳಲ್ಲಿ ರಚಿತವಾದ ಕ್ರಮವಿಧಿಯನ್ನು ಯಂತ್ರವು ನಡೆಸಬಲ್ಲ ಸಂಕೇತಗಳನ್ನಾಗಿ ಪರಿವರ್ತಿಸುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು. ಕ್ರಮವಿಧಿಕಾರನು ಬರೆದ ಬರಹವನ್ನು ಮೂಲಪಾಠವೆನ್ನಬಹುದು. ಇಷ್ಟು ಸಂಗತಿ ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದದ್ದೇ. ಆದರೆ ಒಂದೇ ಮೂಲಪಾಠವನ್ನು ಒಂದೇ ಕಂಪೈಲರಿಗೆ ಇಬ್ಬರು ಒಪ್ಪಿಸಿದಾಗ ಇಬ್ಬರಿಗೂ ದೊರೆಯುವ ಫಲ ಒಂದೇ ಆಗಿರಬೇಕೆಂಬ ನಿಯಮವಿಲ್ಲವೆಂಬುದು ಅಷ್ಟಾಗಿ ಪರಿಚಿತವಾದ ವಿಷಯವಲ್ಲ.

ಇದಕ್ಕೆ ಕಾರಣ, ಮೂಲಪಾಠದ ಜೊತೆಗೆ ಕಂಪೈಲರಿಗೆ ಸಲ್ಲುವ ಸೂಚನೆಗಳ ಪಟ್ಟಿ. ಮುದ್ರಣಾಲಯಕ್ಕೆ ಹಸ್ತಪ್ರತಿಯನ್ನು ಕಳುಹಿಸುವವರು ಅಕ್ಷರದ ಗಾತ್ರವೆಷ್ಟು, ಕಾಗದ ಯಾವುದು, ಪುಟದ ಅಳತೆಯೇನು ಎಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದು ಲಗತ್ತಿಸುವುದುಂಟು. ಆ ಚೀಟಿ ಗ್ರಂಥದ ಭಾಗವಲ್ಲ, ಗ್ರಂಥವನ್ನು ಓದುವವರಿಗೆ ಅದು ಕಾಣುವುದೂ ಇಲ್ಲ; ಆದರೂ ಕೈಗೆ ಬರುವ ಪುಸ್ತಕದ ರೂಪವು ಅದರಂತೆಯೇ ಇರುತ್ತದೆ. ಕಂಪೈಲರಿನ ಸೂಚನೆಗಳೂ ಇಂತಹವೇ. ಗ್ನೂ ಯೋಜನೆಯಿಂದ ೧೯೮೭ರಲ್ಲಿ ಮೊದಲು ಹೊರಬಂದ ಜಿಸಿಸಿ ಎಂಬ ಕಂಪೈಲರಿಗೆ ಇವು ನೂರಾರು ಇವೆ. ಪ್ರತಿಯೊಂದೂ ಒಂದು ಅಡ್ಡಗೆರೆಯಿಂದ ಆರಂಭವಾಗುತ್ತದೆ. ‘-ಜಿ’ ಎಂದರೆ ದೋಷಶೋಧನೆಗೆ ಬೇಕಾದ ವಿವರಗಳನ್ನೂ ಸೇರಿಸೆಂದು ಅರ್ಥ. ‘-ಓ೨’ ಎಂದರೆ ಫಲಿತವು ವೇಗವಾಗಿ ನಡೆಯುವಂತೆ ಎರಡನೆಯ ಮಟ್ಟದ ಪರಿಷ್ಕಾರ ಮಾಡೆಂದೂ, ‘-ಓ೦’ ಎಂದರೆ ಪರಿಷ್ಕಾರವೇ ಬೇಡವೆಂದೂ ಅರ್ಥ. ‘-ಡಬ್ಲ್ಯುಆಲ್’ ಎಂಬುದು ಸಂದೇಹಾಸ್ಪದವಾದ ಪ್ರಯೋಗಗಳನ್ನು ಎತ್ತಿ ತೋರಿಸಲು ಹೇಳುತ್ತದೆ. ಹೆಸರಿನಲ್ಲಿ ‘ಎಲ್ಲ’ ಎಂದಿದ್ದರೂ ಅದು ಎಲ್ಲ ಎಚ್ಚರಿಕೆಗಳನ್ನೂ ಕೊಡುವುದಿಲ್ಲವೆಂಬುದು ಬೇರೆ ಮಾತು.

ಮುದ್ರಣಾಲಯದ ಚೀಟಿಯ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ. ಅಕ್ಷರದ ಗಾತ್ರ ಬದಲಾದ ಮಾತ್ರಕ್ಕೆ ಗ್ರಂಥದ ಅರ್ಥ ಬದಲಾಗದು. ಕಂಪೈಲರಿನ ಸೂಚನೆ ಬದಲಾದರೆ ಕ್ರಮವಿಧಿಯ ವರ್ತನೆಯೇ ಬದಲಾಗಬಹುದು. ಇದಕ್ಕೆ ನಡೆದುಹೋದ ಒಂದು ಪ್ರಸಂಗವೇ ಸಾಕ್ಷಿ.

೨೦೦೯ರ ಜುಲೈ ತಿಂಗಳಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಒಂದು ಗಂಭೀರ ದೋಷ ಬಯಲಿಗೆ ಬಂದಿತು. ‘ಟನ್’ ಎಂಬ, ಜಾಲಸಂಪರ್ಕಕ್ಕೆ ಸಂಬಂಧಿಸಿದ ಭಾಗದಲ್ಲಿ ಒಂದು ಪಾಯಿಂಟರ್ ಇದ್ದಿತು. ಯಂತ್ರದ ಸ್ಮೃತಿಯಲ್ಲಿ ಯಾವುದೋ ಒಂದು ಸ್ಥಳವನ್ನು ಬೆರಳು ಮಾಡಿ ತೋರಿಸುವ ಪದಕ್ಕೆ ಪಾಯಿಂಟರ್ ಎನ್ನುತ್ತಾರೆ. ಏನನ್ನೂ ತೋರಿಸದಿದ್ದರೆ ಅದು ಶೂನ್ಯ. ಮೂಲಪಾಠದಲ್ಲಿ ಆ ಪಾಯಿಂಟರನ್ನು ಮೊದಲು ಬಳಸಿ, ಅದು ಶೂನ್ಯವೋ ಅಲ್ಲವೋ ಎಂಬ ಪರೀಕ್ಷೆಯನ್ನು ಅನಂತರ ಬರೆಯಲಾಗಿತ್ತು. ಕ್ರಮ ತಪ್ಪಿದ್ದಿತು, ನಿಜ. ಆದರೂ ಪರೀಕ್ಷೆ ಎಂಬುದೊಂದು ಇದ್ದಿತು. ಕಂಪೈಲರಾದರೋ ಹೀಗೆ ತರ್ಕಿಸಿತು: ಈ ಪಾಯಿಂಟರನ್ನು ಈಗಾಗಲೇ ಬಳಸಿಯಾಗಿದೆ, ಶೂನ್ಯವಾದುದನ್ನು ಬಳಸುವುದು ಸಿ ಭಾಷೆಯ ನಿಯಮಕ್ಕೆ ವಿರುದ್ಧ, ಆದುದರಿಂದ ಇದು ಶೂನ್ಯವಾಗಿರಲಾರದು, ಆದುದರಿಂದ ಮುಂದಿನ ಪರೀಕ್ಷೆ ವ್ಯರ್ಥ. ತರ್ಕದಲ್ಲಿ ಲೋಪವಿಲ್ಲ. ಪರಿಷ್ಕಾರದ ಹೆಸರಿನಲ್ಲಿ ಪರೀಕ್ಷೆಯನ್ನು ಅದು ಕಿತ್ತುಹಾಕಿತು. ಮೂಲಪಾಠದಲ್ಲಿ ಕಣ್ಣಿಗೆ ಕಾಣುವ ಕಾವಲುಗಾರನು ಫಲಿತದಲ್ಲಿ ಇರಲೇ ಇಲ್ಲ. ಅನುಕೂಲ ಒದಗಿದರೆ ಸಾಮಾನ್ಯ ಬಳಕೆದಾರನೊಬ್ಬನು ಆ ದಾರಿಯಿಂದ ನುಗ್ಗಿ ಇಡೀ ವ್ಯವಸ್ಥೆಯನ್ನೇ ವಶಪಡಿಸಿಕೊಳ್ಳಬಹುದೆಂಬುದು ಪ್ರಯೋಗದಿಂದ ಸಿದ್ಧವಾಯಿತು.

ಆ ಸಾಲುಗಳನ್ನು ತಿದ್ದಲಾಯಿತು. ಅಷ್ಟಕ್ಕೇ ಬಿಡದೆ, ಕರ್ನೆಲ್‌ನ ಸೂಚನೆಗಳ ಪಟ್ಟಿಗೆ ‘-ಎಫ್‌ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್’ ಎಂಬ ಉದ್ದನೆಯ ಸೂಚನೆಯೊಂದನ್ನು ಸೇರಿಸಲಾಯಿತು. ಶೂನ್ಯದ ಪರೀಕ್ಷೆಗಳನ್ನು ಅಳಿಸಬೇಡವೆಂಬುದೇ ಅದರ ಅರ್ಥ. ಲಕ್ಷಗಟ್ಟಲೆ ಸಾಲುಗಳಲ್ಲಿ ಇಂತಹ ತಪ್ಪು ಇನ್ನೆಲ್ಲಿ ಅಡಗಿದೆಯೋ ಬಲ್ಲವರಾರು? ಒಂದು ಸೂಚನೆ ಅವೆಲ್ಲಕ್ಕೂ ರಕ್ಷೆಯಾಯಿತು. ಆದರೆ ಆ ರಕ್ಷೆ ದೊರೆಯಬೇಕಾದರೆ ಸೂಚನೆಯು ಪ್ರತಿಸಲವೂ ಪ್ರತಿಯೊಂದು ಕಡತಕ್ಕೂ ತಪ್ಪದೆ ತಲುಪಬೇಕು. ತಲುಪದ ಕಡತದ ಮೂಲಪಾಠವನ್ನು ಎಷ್ಟು ಸಲ ಓದಿದರೂ ಕೊರತೆ ಕಾಣದು. ಏಕೆಂದರೆ ಕೊರತೆ ಇರುವುದು ಪಾಠದಲ್ಲಲ್ಲ.

ಸೂಚನೆಯನ್ನು ತಲುಪಿಸುವ ಹೊಣೆ ಹೊತ್ತದ್ದು ನಿರ್ಮಾಣ ಸಾಧನವೆಂಬ ಮತ್ತೊಂದು ಬಗೆಯ ತಂತ್ರಾಂಶ. ಇಂದು ಬಳಕೆಯಲ್ಲಿರುವ ಇಂತಹ ಸಾಧನಗಳಲ್ಲಿ ಹಿರಿಯ ಸ್ಥಾನ ಮೇಕ್‌ಗೆ ಸಲ್ಲುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರು ೧೯೭೬ರಲ್ಲಿ ಇದನ್ನು ರಚಿಸಿದರು. ಅವರ ಸಹೋದ್ಯೋಗಿಯಾದ ಸ್ಟೀವ್ ಜಾನ್ಸನ್ ಅವರು ಸರಿಯಾಗಿಯೇ ಇದ್ದ ಕ್ರಮವಿಧಿಯೊಂದರಲ್ಲಿ ದೋಷವನ್ನು ಹುಡುಕುತ್ತ ಒಂದು ಬೆಳಗನ್ನೇ ಕಳೆದಿದ್ದರಂತೆ. ದೋಷವನ್ನು ಮೂಲಪಾಠದಲ್ಲಿ ಆಗಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಕಂಪೈಲರಿಗೆ ಮತ್ತೆ ಒಪ್ಪಿಸಿರಲಿಲ್ಲ. ಈ ಮರೆವಿಗೆ ಮದ್ದಾಗಿ ಹುಟ್ಟಿದ್ದು ಮೇಕ್. ೨೦೦೩ರಲ್ಲಿ ಎಸಿಎಂ ಎಂಬ ವಿದ್ವತ್‌ಸಂಸ್ಥೆಯು ಇದಕ್ಕಾಗಿ ಫೆಲ್ಡ್‌ಮನ್ನರಿಗೆ ತನ್ನ ತಂತ್ರಾಂಶ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಮೇಕ್ ಓದುವ ಕಡತಕ್ಕೆ ಮೇಕ್‌ಫೈಲ್ ಎಂದು ಹೆಸರು. ಅದರಲ್ಲಿ ಸಿದ್ಧವಾಗಬೇಕಾದ ವಸ್ತು ಯಾವುದು, ಅದು ಯಾವ ಯಾವ ಕಡತಗಳನ್ನು ಅವಲಂಬಿಸಿದೆ, ಅದನ್ನು ಸಿದ್ಧಪಡಿಸುವ ಆದೇಶವೇನು ಎಂಬ ಮೂರು ಅಂಶಗಳುಳ್ಳ ವಿಧಿಗಳಿರುತ್ತವೆ. ಮೇಕ್ ಕಡತಗಳ ಕಾಲಮುದ್ರೆಗಳನ್ನು ಹೋಲಿಸಿ ನೋಡುತ್ತದೆ. ಸಿದ್ಧವಸ್ತುವಿಗಿಂತ ಮೂಲಪಾಠ ಹೊಸದಾಗಿದ್ದರೆ ಆದೇಶವನ್ನು ನಡೆಸುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಸಾವಿರಾರು ಕಡತಗಳಲ್ಲಿ ಒಂದನ್ನು ತಿದ್ದಿದಾಗ ಅದೊಂದನ್ನೂ ಅದನ್ನು ಆಶ್ರಯಿಸಿದವನ್ನೂ ಮಾತ್ರ ಹೊಸದಾಗಿ ಮಾಡುವ ಈ ಮಿತವ್ಯಯವೇ ಅದರ ಕೀರ್ತಿಗೆ ಕಾರಣ. ಆದೇಶದ ಸಾಲು ಟ್ಯಾಬ್ ಎಂಬ ಒಂದೇ ಅಕ್ಷರದಿಂದ ಆರಂಭವಾಗಬೇಕೆಂಬ ನಿಯಮವೊಂದಿದೆ. ಎಂಟು ಖಾಲಿ ಸ್ಥಳಗಳನ್ನು ಬಿಟ್ಟರೆ ಕಣ್ಣಿಗೆ ಹಾಗೆಯೇ ಕಂಡರೂ ಮೇಕ್ ಒಪ್ಪದು. ಈ ಕಿರುಕುಳ ಕರ್ತೃವಿಗೇ ಬೇಗ ತಿಳಿದರೂ, ಆ ವೇಳೆಗೆ ಹತ್ತು ಹನ್ನೆರಡು ಮಂದಿ ಬಳಕೆದಾರರಿದ್ದುದರಿಂದ ಅವರಿಗೆ ತೊಂದರೆ ಕೊಡಲು ಮನಸ್ಸಾಗದೆ ಬಿಟ್ಟರಂತೆ. ಆ ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯಕ್ಕೆ ಲಕ್ಷಾಂತರ ಜನ ಇಂದಿಗೂ ತೆರಿಗೆ ತೆರುತ್ತಿರುವರು.

ಪ್ರತಿಯೊಂದು ಆದೇಶದಲ್ಲಿಯೂ ಸೂಚನೆಗಳನ್ನು ಬಿಡಿಬಿಡಿಯಾಗಿ ಬರೆಯುವುದು ಪ್ರಯಾಸಕರವಾದುದರಿಂದ ಅವುಗಳಿಗೆ ಸಂಜ್ಞೆಗಳನ್ನು ಕಲ್ಪಿಸಲಾಗಿದೆ. ‘ಸಿಸಿ’ ಎಂಬುದು ಕಂಪೈಲರಿನ ಹೆಸರಿಗೆ ಸಂಜ್ಞೆ. ‘ಸಿಫ್ಲ್ಯಾಗ್ಸ್’ ಎಂಬುದು ಸಿ ಕಂಪೈಲರಿಗೆ ಸಲ್ಲಬೇಕಾದ ಸೂಚನೆಗಳಿಗೆ. ಕೊನೆಯ ಜೋಡಣೆಯ ಹಂತದ ಸೂಚನೆಗಳಿಗೆ ‘ಎಲ್‌ಡಿಫ್ಲ್ಯಾಗ್ಸ್’. ವ್ಯಾಕರಣದಲ್ಲಿ ಗುಣ, ವೃದ್ಧಿ ಎಂಬ ಸಂಜ್ಞೆಗಳನ್ನು ಒಮ್ಮೆ ಹೇಳಿ ಮುಂದೆ ಹೆಸರಿನಿಂದಲೇ ವ್ಯವಹರಿಸುವಂತೆಯೇ ಇದು. ಸಂಜ್ಞೆಯ ಅರ್ಥವನ್ನು ಮೇಕ್‌ಫೈಲ್‌ನಲ್ಲಿ ಒಂದೆಡೆ ಬದಲಿಸಿದರೆ ಅದನ್ನು ಬಳಸಿದ ಎಲ್ಲೆಡೆಯೂ ಬದಲಾಗುತ್ತದೆ.

ಇನ್ನು, ತನ್ನದೇ ಸೂಚನೆಯನ್ನು ಸೇರಿಸಬಯಸುವ ಬಳಕೆದಾರನು ಮೇಕ್‌ಫೈಲನ್ನು ತಿದ್ದಬೇಕಾಗಿಲ್ಲ. ಮೇಕ್ ಎಂದು ಆಜ್ಞಾಪಿಸುವಾಗಲೇ ಪಕ್ಕದಲ್ಲಿ ‘ಸಿಫ್ಲ್ಯಾಗ್ಸ್=-ಜಿ’ ಎಂದು ಸೇರಿಸಿದರೆ ಸಾಕು. ಆಜ್ಞೆಯ ಸಾಲಿನಲ್ಲಿ ಹೇಳಿದ ಮಾತು ಮೇಕ್‌ಫೈಲ್‌ನಲ್ಲಿರುವ ಮಾತಿಗಿಂತ ಬಲವತ್ತರ. ಮೇಕ್‌ಫೈಲ್‌ನ ಮಾತು ಪರಿಸರದಿಂದ, ಎಂದರೆ ಆಜ್ಞೆ ನಡೆಯುವ ಅಧಿವೇಶನದಲ್ಲಿ ಮೊದಲೇ ನಿಗದಿಯಾದ ಮೌಲ್ಯಗಳಿಂದ, ಬಂದ ಮಾತಿಗಿಂತ ಬಲವತ್ತರ. ಪ್ರಮಾದ ಜರಗುವುದು ಇಲ್ಲಿಯೇ. ಕ್ರಮವಿಧಿಯ ಕರ್ತೃ ‘ಸಿಫ್ಲ್ಯಾಗ್ಸ್’ ಸಂಜ್ಞೆಯಲ್ಲಿ ಎರಡು ಬಗೆಯ ಸೂಚನೆಗಳನ್ನು ಬೆರೆಸಿರುತ್ತಾನೆ: ‘-ಓ೨’ದಂತಹ ಇಚ್ಛೆಯ ಸೂಚನೆಗಳು, ಮತ್ತು ಇಲ್ಲದಿದ್ದರೆ ಕ್ರಮವಿಧಿಯೇ ಕೆಡುವ ಅನಿವಾರ್ಯ ಸೂಚನೆಗಳು. ಬಳಕೆದಾರನು ‘-ಜಿ’ ಒಂದನ್ನು ಸೇರಿಸುವೆನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಹಳೆಯ ಪಟ್ಟಿಯನ್ನೆಲ್ಲ ಒರಸಿ ‘-ಜಿ’ ಒಂದನ್ನು ಮಾತ್ರ ಉಳಿಸಿರುತ್ತಾನೆ. ಅನಿವಾರ್ಯವಾದುದೂ ಹೋಯಿತು. ಕಂಪೈಲರ್ ದೂರುವುದಿಲ್ಲ, ಕೊಡದ ಸೂಚನೆಯ ಬಗೆಗೆ ಅದು ಏನೆಂದು ದೂರೀತು?

ಗ್ನೂ ಯೋಜನೆಯ ರಚನಾನಿಯಮಗಳು ಈ ಕಾರಣದಿಂದ ಒಂದು ಮರ್ಯಾದೆಯನ್ನು ವಿಧಿಸಿವೆ. ‘ಸಿಫ್ಲ್ಯಾಗ್ಸ್’ ಬಳಕೆದಾರನ ಸೊತ್ತು. ಅನಿವಾರ್ಯ ಸೂಚನೆಗಳನ್ನು ಕರ್ತೃ ಅಲ್ಲಿಡಬಾರದು, ಬೇರೆ ಸಂಜ್ಞೆಯಲ್ಲಿಟ್ಟು ಆದೇಶದಲ್ಲಿ ಸೇರಿಸಬೇಕು. ಮೇಕ್‌ಫೈಲ್‌ಗಳನ್ನು ಸಿದ್ಧಪಡಿಸಿಕೊಡುವ ಆಟೋಮೇಕ್ ಎಂಬ ಸಾಧನವು ಕರ್ತೃವಿಗಾಗಿ ‘ಎಎಂ-ಸಿಫ್ಲ್ಯಾಗ್ಸ್’ ಎಂಬುದನ್ನು ಮೀಸಲಿಟ್ಟು, ಅದನ್ನು ಮೊದಲೂ ಬಳಕೆದಾರನ ‘ಸಿಫ್ಲ್ಯಾಗ್ಸ್’ ಅನ್ನು ಕೊನೆಗೂ ಇರಿಸುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿಯೂ ಇದೇ ನೀತಿ: ತನ್ನ ಅನಿವಾರ್ಯ ಪಟ್ಟಿಗೆ ‘ಕೆಬಿಲ್ಡ್-ಸಿಫ್ಲ್ಯಾಗ್ಸ್’ ಎಂದೂ, ಬಳಕೆದಾರನು ಸೇರಿಸುವುದಕ್ಕೆ ‘ಕೆಸಿಫ್ಲ್ಯಾಗ್ಸ್’ ಎಂದೂ ಬೇರೆ ಬೇರೆ ಹೆಸರುಗಳು.

ಬಳಕೆದಾರನ ಮಾತಿಗೆ ಕೊನೆಯ ಸ್ಥಾನವೇಕೆ? ‘-ಓ೨’ ಮತ್ತು ‘-ಓ೦’ ಎರಡೂ ಒಂದೇ ಆದೇಶದಲ್ಲಿ ಬಂದರೆ ಜಿಸಿಸಿಯು ಕೊನೆಯದನ್ನೇ ಮನ್ನಿಸುತ್ತದೆ. ಸಮಬಲದ ಎರಡು ವಿಧಿಗಳಿಗೆ ವಿರೋಧ ಬಂದಾಗ ಪರವಿಧಿಯೇ ನಡೆಯಬೇಕೆಂದು ಪಾಣಿನಿಯ ಅಷ್ಟಾಧ್ಯಾಯಿಗೆ ಸಾಂಪ್ರದಾಯಿಕ ವ್ಯಾಖ್ಯಾನಕಾರರು ಹೇಳುವ ಅರ್ಥವನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಸೂಚನೆಗಳೆಲ್ಲವೂ ಹೀಗೆ ಒಂದನ್ನೊಂದು ಬಾಧಿಸುವುದಿಲ್ಲ. ಕಡತಗಳನ್ನು ಹುಡುಕಬೇಕಾದ ಸ್ಥಳಗಳನ್ನು ತಿಳಿಸುವ ‘-ಐ’ ಸೂಚನೆಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಅಲ್ಲಿ ಮೊದಲು ಬಂದ ಸ್ಥಳವನ್ನೇ ಮೊದಲು ನೋಡಲಾಗುತ್ತದೆ. ಆದುದರಿಂದ ಕ್ರಮವನ್ನು ಅರಿಯದೆ ಸೂಚನೆಗಳನ್ನು ರಾಶಿ ಹಾಕುವುದು ಅಪಾಯಕರ.

ದೊಡ್ಡ ಕ್ರಮವಿಧಿಗಳಲ್ಲಿ ಒಂದು ಮೇಕ್ ತನ್ನ ಕೆಳಗೆ ಉಪಕಡತಕೋಶಗಳಲ್ಲಿ ಮತ್ತೆ ಮೇಕನ್ನು ಕರೆಯುವುದುಂಟು. ಗ್ನೂ ಮೇಕ್ ಆಜ್ಞೆಯ ಸಾಲಿನಲ್ಲಿ ಕೊಟ್ಟ ಮೌಲ್ಯಗಳನ್ನು ‘ಮೇಕ್‌ಫ್ಲ್ಯಾಗ್ಸ್’ ಎಂಬುದರ ಮೂಲಕ ಕೆಳಗಿನವುಗಳಿಗೂ ದಾಟಿಸುತ್ತದೆ. ಮೇಕ್‌ಫೈಲ್‌ನೊಳಗೆ ಬರೆದವು ಮಾತ್ರ ‘ಎಕ್ಸ್‌ಪೋರ್ಟ್’ ಎಂದು ಹೇಳದಿದ್ದರೆ ಸಾಮಾನ್ಯವಾಗಿ ದಾಟುವುದಿಲ್ಲ.

ಇಷ್ಟೆಲ್ಲವನ್ನು ಬಲ್ಲವನೂ ಎಡವುವ ಸ್ಥಳವೊಂದಿದೆ. ನಿನ್ನೆ ‘-ಓ೦’ ಎಂದು ನಿರ್ಮಿಸಿ, ಇಂದು ರಕ್ಷಣೆಯ ಸೂಚನೆಯೊಂದನ್ನು ಆಜ್ಞೆಯ ಸಾಲಿನಲ್ಲಿ ಸೇರಿಸಿ ಮೇಕ್‌ಗೆ ಆಜ್ಞಾಪಿಸಿದರೆ ಏನಾಗುತ್ತದೆ? ಮೂಲಪಾಠಗಳ ಕಾಲಮುದ್ರೆ ಬದಲಾಗಿಲ್ಲ. ಮೇಕ್‌ನ ಕಣ್ಣಿಗೆ ಎಲ್ಲವೂ ಅಚ್ಚುಕಟ್ಟಾಗಿದೆ. ಮಾಡಲು ಕೆಲಸವಿಲ್ಲವೆಂದು ಅದು ವಿನಯದಿಂದ ತಿಳಿಸಿ ಸುಮ್ಮನಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಆ ನಡುವೆ ಎರಡು ಕಡತಗಳು ತಿದ್ದಲ್ಪಟ್ಟಿದ್ದರೆ ಆ ಎರಡು ಮಾತ್ರ ಹೊಸ ಸೂಚನೆಯಂತೆಯೂ ಉಳಿದವು ಹಳೆಯದರಂತೆಯೂ ಸಿದ್ಧವಾಗಿ, ಒಂದೇ ಕ್ರಮವಿಧಿಯಲ್ಲಿ ಎರಡು ಬಗೆಯ ಅಂಗಗಳು ಕೂಡಿಕೊಳ್ಳುತ್ತವೆ. ರಕ್ಷಣೆ ದೊರೆಯಿತೆಂದು ನಂಬಿದವನಿಗೆ ಅರ್ಧ ರಕ್ಷಣೆಯೂ ಇಲ್ಲ. ತಿದ್ದಿದ್ದು ಫಲಿತಕ್ಕೆ ಬಾರದ ಯಾವ ಸಂಕಟವನ್ನು ನೀಗಲು ೧೯೭೬ರಲ್ಲಿ ಮೇಕ್ ಹುಟ್ಟಿತೋ, ಅದೇ ಸಂಕಟವು ಸೂಚನೆಗಳ ಬಾಗಿಲಿನಿಂದ ಒಳಗೆ ಬರುತ್ತದೆ. ಮೇಕ್‌ನ ಲೆಕ್ಕದಲ್ಲಿ ಅವಲಂಬನೆಗಳು ಕಡತಗಳಿಗಷ್ಟೇ ಸೀಮಿತ. ಆದೇಶದ ಶಬ್ದಗಳು ಆ ಲೆಕ್ಕದೊಳಗಿಲ್ಲ.

ಎಲ್ಲವನ್ನೂ ಅಳಿಸಿ, ರೂಢಿಯಂತೆ ‘ಮೇಕ್ ಕ್ಲೀನ್’ ಎಂದು ಆಜ್ಞಾಪಿಸಿ, ಮೊದಲಿನಿಂದ ನಿರ್ಮಿಸುವುದು ಒರಟಾದರೂ ನಂಬತಕ್ಕ ಪರಿಹಾರ. ಸೂಕ್ಷ್ಮವಾದ ಪರಿಹಾರವನ್ನು ಕರ್ನೆಲ್‌ನ ಕರ್ತೃಗಳು ಕಂಡುಕೊಂಡಿರುವರು. ಅಲ್ಲಿ ಪ್ರತಿಯೊಂದು ವಸ್ತು ಸಿದ್ಧವಾದಾಗಲೂ ಅದನ್ನು ಸಿದ್ಧಪಡಿಸಿದ ಆದೇಶವು ಪಕ್ಕದ ಕಡತವೊಂದರಲ್ಲಿ ದಾಖಲಾಗುತ್ತದೆ. ಮುಂದಿನ ಸಲ ಆದೇಶದ ಒಂದು ಶಬ್ದ ಬದಲಾಗಿದ್ದರೂ ಆ ವಸ್ತು ಮತ್ತೆ ನಿರ್ಮಾಣವಾಗುತ್ತದೆ. ಈಚಿನ ನಿಂಜಾ ಎಂಬ ಸಾಧನದಲ್ಲಿ ಈ ವಿವೇಕವು ಹುಟ್ಟಿನಿಂದಲೇ ಬಂದಿದೆ. ಹಳೆಯ ಮೇಕ್‌ಫೈಲ್‌ಗಳನ್ನು ನಂಬಿರುವವರು ಸೂಚನೆಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಟ್ಟು, ಎಲ್ಲ ವಸ್ತುಗಳೂ ಆ ಕಡತವನ್ನು ಅವಲಂಬಿಸುವಂತೆ ಮಾಡಿದರೆ ಇದೇ ಫಲವನ್ನು ಪಡೆಯಬಹುದು.

ಸೂಚನೆ ನಿಜವಾಗಿಯೂ ತಲುಪಿತೇ ಎಂಬುದಕ್ಕೆ ಮೇಕ್‌ಫೈಲನ್ನು ಓದುವುದು ಪ್ರಮಾಣವಲ್ಲ. ಕಂಪೈಲರಿಗೆ ಹೋದ ಆದೇಶವೇ ಪ್ರಮಾಣ. ‘ಮೇಕ್ -ಎನ್’ ಎಂದರೆ ಸಾಮಾನ್ಯವಾಗಿ ಆದೇಶಗಳನ್ನು ನಡೆಸದೆ ಬರಿದೆ ತೋರಿಸುತ್ತದೆ. ಕರ್ನೆಲ್‌ನ ನಿರ್ಮಾಣದಲ್ಲಿ ಸಾಧಾರಣವಾಗಿ ಆದೇಶಗಳ ಸಂಕ್ಷಿಪ್ತ ರೂಪವಷ್ಟೇ ಕಾಣುವುದರಿಂದ ‘ವಿ=೧’ ಎಂದು ಸೇರಿಸಿ ಪೂರ್ಣ ರೂಪವನ್ನು ಹೊರಡಿಸಬೇಕು. ಸಿದ್ಧವಸ್ತುವಿನೊಳಗೇ ಸೂಚನೆಗಳನ್ನು ಬರೆದಿಡುವಂತೆ ಜಿಸಿಸಿಗೆ ಹೇಳುವ ‘-ಎಫ್‌ರೆಕಾರ್ಡ್-ಜಿಸಿಸಿ-ಸ್ವಿಚಸ್’ ಎಂಬ ಸೂಚನೆಯೂ ಇದೆ. ಸಾವಿರಾರು ಕ್ರಮವಿಧಿಗಳನ್ನು ನಿರ್ಮಿಸಿ ಹಂಚುವ ಡೆಬಿಯನ್ ಬಳಗವು ರಕ್ಷಣೆಯ ಸೂಚನೆಗಳನ್ನು ಎಲ್ಲಕ್ಕೂ ಒಂದೇ ಕಡೆಯಿಂದ ಒದಗಿಸುತ್ತದೆ. ಅಲ್ಲಿ ಬಿಎಲ್‌ಎಚ್‌ಸಿ ಎಂಬ ಚಿಕ್ಕ ಸಾಧನವೊಂದು ನಿರ್ಮಾಣದ ದಾಖಲೆಯನ್ನು ಸಾಲುಸಾಲಾಗಿ ಓದಿ, ರಕ್ಷಣೆಯ ಸೂಚನೆ ಯಾವ ಆದೇಶದಲ್ಲಿ ಬಿಟ್ಟುಹೋಗಿದೆಯೆಂಬುದನ್ನು ಹೆಸರಿಸಿ ತೋರಿಸುತ್ತದೆ.